ಕಿವಿ ಹಾಲೆಯ ಹದ

ಅಂಗಡಿಯ ಹಿಂದಿನ ಕೋಣೆಯಿಂದ,
ಹನ್ನೆರಡನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಲು ಊದುವುದು ಕಡಿಮೆಯಾಯಿತೇ? ಆಪರೇಷನ್ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತೇ ಕಲಿಯಬೇಕು ಎಂದು ನೀನು ಬರೆದಿದ್ದೆ. ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೋ. ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತಿದೆಯೇ, ಇಲ್ಲ ಆ ವಾರ್ಡನ್ ಇನ್ನೂ "ರಿಪೇರಿಯವನು ನಾಳೆ ಬರ್ತಾನೆ" ಅನ್ನುತ್ತಲೇ ಇದ್ದಾಳೆಯೇ? ನನ್ನ ಆರೋಗ್ಯ ಚೆನ್ನಾಗಿದೆ. ಕೆಟ್ಟಿರುವುದು ತಲೆ ಮಾತ್ರ, ಮತ್ತು ಅದಕ್ಕೆ ಕಾರಣ ನೀನು ಬಿಟ್ಟುಹೋದ ಅಡುಗೆಯ ನೋಟ್‌ಬುಕ್ಕು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಮಗಳು ನನಗೆ ಅಂಟಿಕೊಂಡು ನಿಂತಿರುತ್ತಾಳೆ. "ಊಟ ಮಾಡಿದ್ಯಾ ಪಿನ್ನಿ?" ಎಂದು ನೀನು ಕೇಳುತ್ತೀಯ. "ಮಾಡ್ದೆ ಅಮ್ಮ" ಎಂದು ಅವಳು ಹೇಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತೇನೆ. ಅವಳು ಸುಳ್ಳು ಹೇಳುವುದಿಲ್ಲ ಅನ್ನು, ನಾಲ್ಕು ತುತ್ತು ತಿಂದಿರುತ್ತಾಳೆ, ಅದೂ ಊಟವೇ. ಆದರೆ ಒಂದು ತಿಂಗಳಿಂದ ದಿನವೂ ಆ ನಾಲ್ಕೇ ತುತ್ತು. ಸೋಮವಾರ ಅವಳ ಟೀಚರು ಚೀಟಿ ಕಳಿಸಿದ್ದರು: ಎರಡು ಕಿಲೋ ಇಳಿದಿದ್ದಾಳೆ, ಮಧ್ಯಾಹ್ನದ ಪಾಠದಲ್ಲಿ ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಾಳೆ, ಪೋಷಕರು ಬಂದು ಕಾಣಬೇಕು. ಹೋಗಿ ಕಂಡೆ. ಎಂಟು ವರ್ಷದ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟೆ. ಪಿನ್ನು ತೆಳ್ಳಗಿರುತ್ತದೆ ಎಂದು ನಾನೇ ಅವಳಿಗೆ ಪಿನ್ನಿ ಎಂದು ಹೆಸರಿಟ್ಟವನು. ಇಷ್ಟು ತೆಳ್ಳಗಾಗಲಿ ಎಂದು ಇಟ್ಟಿರಲಿಲ್ಲ.

ನೀನು ಹೊರಡುವ ದಿನ ಹೇಳಿದ್ದು ನನಗೆ ಮರೆತಿಲ್ಲ. "ಒಂದು ತಿಂಗಳು ನೋಡ್ತೀನಿ ಕಣೋ. ಅವಳು ಸರಿಯಾಗಿ ತಿನ್ನಲಿಲ್ಲ ಅಂದ್ರೆ ಟ್ರೈನಿಂಗ್ ಬಿಟ್ಟು ಬಂದುಬಿಡ್ತೀನಿ." ಆ ತಿಂಗಳು ಈ ಭಾನುವಾರಕ್ಕೆ ಮುಗಿಯುತ್ತದೆ. ಭಾವ ತೀರಿಹೋದ ಮೇಲೆ ಹನ್ನೊಂದು ತಿಂಗಳ ಕೂಸನ್ನು ನನ್ನ ಅಂಗಡಿಯ ಬಟ್ಟೆಯ ರಾಶಿಯ ಮೇಲೆ ಮಲಗಿಸಿ ವಾರ್ಡಿನ ಕೆಲಸಕ್ಕೆ ಓಡುತ್ತಿದ್ದವಳು ನೀನು. ಏಳು ವರ್ಷ ಹಾಸಿಗೆ ಬದಲಾಯಿಸಿ, ಜ್ವರ ನೋಡಿ, ಬೈಸಿಕೊಂಡು, ಈಗ ಈ ಆರು ತಿಂಗಳ ತರಬೇತಿ ಸಿಕ್ಕಿದೆ. ವಯಸ್ಸಿನ ಮಿತಿ ಇರುವುದರಿಂದ ಈ ಸಲ ಬಿಟ್ಟರೆ ಇನ್ನು ಸಿಗುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಒಬ್ಬ ಗಂಡಸಿಗೆ ಒಂದು ತಟ್ಟೆ ನೂಡಲ್ಸ್ ಮಾಡಲು ಬರಲಿಲ್ಲ ಎಂಬ ಕಾರಣಕ್ಕೆ ಅದು ಕೈತಪ್ಪುತ್ತದೆ ಎಂದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಯಾಕೆಂದರೆ ಅವಳು ಕೇಳುವುದು ಅದೊಂದೇ. ಏನು ಮಾಡಿಕೊಡಲಿ ಎಂದರೆ "ಅಮ್ಮ ಮಾಡೋ ನೂಡಲ್ಸ್". ಮೊದಲು ಬುದ್ಧಿವಂತಿಕೆ ತೋರಿಸಿ ಪೊಟ್ಟಣದ ಪಾಸ್ತಾ ತಂದೆ. ಹತ್ತು ನಿಮಿಷ ಬೇಯಿಸಿ ಎಂದು ಅದರ ಮೇಲೆ ಅಚ್ಚು ಹಾಕಿದ್ದಾರೆ, ಆದರೆ ಅಷ್ಟರಲ್ಲಿ ಗಿರಾಕಿ ಬಂದು ಪ್ಯಾಂಟಿನ ಸೊಂಟದ ವಿಷಯ ತೆಗೆದರೆ ಏನು ಮಾಡಬೇಕು ಎಂದು ಹಾಕಿಲ್ಲ. ವಾಪಸು ಬಂದಾಗ ಪಾತ್ರೆಯಲ್ಲಿದ್ದದ್ದು ಪೋಸ್ಟರ್ ಅಂಟಿಸುವ ಗೋಂದು. ಎರಡನೇ ಸಲ ಗಡಿಯಾರ ಹಿಡಿದು ನಿಂತೆ, ಪಾಸ್ತಾ ಸರಿಯಾಗಿ ಬೆಂದಿತು, ಬೆಳ್ಳುಳ್ಳಿ ಕರಟಿತು. ಟೊಮೆಟೊ ಸುರಿದರೆ ಕಹಿ ಹೋಗುತ್ತದೆ ಅಂದುಕೊಂಡೆ, ಹೋಗಲಿಲ್ಲ. ಮೂರನೇ ಸಲ ಬರೀ ಬೆಣ್ಣೆ, ಮೆಣಸಿನ ಪುಡಿ, ತುರಿದ ಚೀಸು. ಅದು ಚೆನ್ನಾಗಿಯೇ ಇತ್ತು, ನಾನು ಎರಡು ತಟ್ಟೆ ತಿಂದೆ. ಅವಳು ನಾಲ್ಕು ತುತ್ತು ತಿಂದು "ಚೆನ್ನಾಗಿದೆ ಮಾಮ" ಎಂದು ತಟ್ಟೆ ಸರಿಸಿದಳು. ಕೆಟ್ಟಿದೆ ಎಂದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ನಿನ್ನ ನೋಟ್‌ಬುಕ್ಕು ತೆರೆದೆ. ಅಕ್ಕಾ, ನಾನು ದರ್ಜಿ. ಇಪ್ಪತ್ತು ವರ್ಷದಿಂದ ಇಂಚು, ಅರ್ಧ ಇಂಚು, ಕಾಲು ಇಂಚಿನಲ್ಲಿ ಬದುಕಿದವನು. ಗಿರಾಕಿ "ಸ್ವಲ್ಪ ಸಡಿಲ ಇರಲಿ" ಅಂದರೆ ಟೇಪು ಹಿಡಿದು "ಎಷ್ಟು ಸ್ವಲ್ಪ?" ಎಂದು ಕೇಳುವವನು. ನಿನ್ನ ಪುಸ್ತಕದಲ್ಲಿ ಏನಿದೆ ಗೊತ್ತೇ? "ಹಿಟ್ಟು, ಬೇಕಾದಷ್ಟು. ಮೊಟ್ಟೆ, ಹಿಟ್ಟಿಗೆ ತಕ್ಕ ಹಾಗೆ. ನೀರು, ಸಾಕಾಗುವಷ್ಟು." ಯಾರಿಗೆ ಬೇಕಾದಷ್ಟು? ಸಾಕು ಎಂದು ಹೇಳುವವರು ಯಾರು, ಹಿಟ್ಟೇ? ನಾನು ಅಂಗಿಯ ಅಳತೆಯನ್ನು ಹೀಗೆ ಬರೆದುಕೊಂಡಿದ್ದರೆ ಈ ಬೀದಿಯ ಅರ್ಧ ಜನ ಬರಿಮೈಯಲ್ಲಿ ಓಡಾಡಬೇಕಾಗಿತ್ತು. ಇದೆಲ್ಲ ಸಾಲದು ಎಂಬಂತೆ ಕೊನೆಯಲ್ಲಿ, ಕೆಳಗೆ ಎರಡು ಗೆರೆ ಎಳೆದು, "ಕಿವಿ ಹಾಲೆಯ ಹದ ಬರುವ ತನಕ ನಾದು. ಮುಟ್ಟಿ ನೋಡು." ಕುಣಿಯಲಾರದವನಿಗೆ ನೆಲ ಡೊಂಕು ಎಂದು ನೀನು ನಗುತ್ತೀಯ, ನಗು. ಆದರೆ ಅಳತೆ ಎಂದರೆ ಕಿವಿಯೇನೇ?

ಆದರೂ ನೀನು ಹೇಳಿದ ಹಾಗೇ ಮಾಡಿದೆ. ಕಳೆದ ಭಾನುವಾರ ಅಂಗಡಿಯ ಕತ್ತರಿಸುವ ಮೇಜನ್ನು ಒರೆಸಿ, ಹಿಟ್ಟಿನ ನಡುವೆ ಗುಂಡಿ ಮಾಡಿ ಎರಡು ಮೊಟ್ಟೆ ಒಡೆದು, ನಾದಿದೆ. ಒಂದು ಕೈಯಲ್ಲಿ ಹಿಟ್ಟು ಅದುಮುವುದು, ಇನ್ನೊಂದು ಕೈಯಲ್ಲಿ ನನ್ನ ಕಿವಿ ಹಾಲೆ ಹಿಂಡಿ ನೋಡುವುದು. ನನ್ನ ಕಿವಿಯ ಕಥೆ ನಿನಗೆ ಗೊತ್ತಲ್ಲ. ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಾ, ಹಿಟ್ಟಿನ ಕೈಯಲ್ಲೇ ನೀನು ಹಿಂಡಿ ಹಿಂಡಿ ಅದು ಚಪ್ಪಲಿಯ ಚರ್ಮದಂತಾಗಿದೆ. ಹಿಟ್ಟೂ ಅದೇ ಹದಕ್ಕೆ ಬಂತು. ಲಟ್ಟಿಸಲು ಹೋದರೆ ರಬ್ಬರಿನ ಹಾಗೆ ಹಿಂದಕ್ಕೆ ಜಗ್ಗಿತು. ಸ್ಕೇಲು ಇಟ್ಟು, ಸೀಮೆಸುಣ್ಣ ಒಂದನ್ನು ಬಿಟ್ಟು ಮಿಕ್ಕೆಲ್ಲ ನಮ್ಮ ಕಸುಬಿನ ಹಾಗೇ ಮಾಡಿ, ಕಾಲು ಇಂಚಿನ ಎಳೆಗಳನ್ನು ಒಂದೇ ಸಮ ಕತ್ತರಿಸಿ, ಹ್ಯಾಂಗರಿಗೆ ನೇತುಹಾಕಿದೆ. ನೋಡಲು ಎಷ್ಟು ಚೆಂದವಿತ್ತು ಎಂದರೆ ನನಗೇ ಹೆಮ್ಮೆಯಾಯಿತು. ಪಕ್ಕದ ಹ್ಯಾಂಗರಿನಲ್ಲಿ ವಕೀಲರ ಕರಿ ಕೋಟು ಇತ್ತು ಎಂಬುದನ್ನು ನಾನು ನೋಡಲಿಲ್ಲ. ಸೋಮವಾರ ಅವರು ತೋಳಿಗೆ ಅಂಟಿದ ಎರಡು ಎಳೆ ಕಿತ್ತು ನನ್ನ ಕೈಗೆ ಕೊಟ್ಟು, "ಇದು ಹೊಸ ಫ್ಯಾಷನ್ನಾ?" ಅಂದರು. ಬೇಯಿಸಿದ್ದು ಏನಾಯಿತು ಎಂದು ಕೇಳಬೇಡ. ಹೊಲಿಗೆಗೆ ಬಳಸಬಹುದಿತ್ತು.

ಇನ್ನೊಂದು ಚಿಂತೆಯೂ ಇದೆ. ಪಿನ್ನಿಯ ಕುತ್ತಿಗೆಗೆ ಏನೋ ಆಗಿದೆ ಎಂದು ನನಗೆ ಅನುಮಾನ. ಚಪಾತಿಗಾಗಲಿ ನೂಡಲ್ಸಿಗಾಗಲಿ, ನಾನು ಹಿಟ್ಟಿಗೆ ಕೈ ಹಾಕಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು, ಸ್ಟೂಲು ಎಳೆದುಕೊಂಡು ಹತ್ತಿ, ನನ್ನ ಪಕ್ಕ ತಲೆ ಓರೆ ಮಾಡಿಕೊಂಡು ನಿಂತುಬಿಡುತ್ತಾಳೆ. ಮಾತಿಲ್ಲ ಕತೆಯಿಲ್ಲ. ಮಲಗುವಾಗ ಉಳುಕಿರಬೇಕು ಎಂದು ದಿಂಬು ಬದಲಾಯಿಸಿದೆ, ಎರಡು ದಿನ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಸುಮ್ಮನೆ ತಿಕ್ಕಿಸಿಕೊಂಡಳು. ಮರುದಿನ ಮತ್ತೆ ಹಾಗೇ ನಿಂತಳು. "ಹಿಟ್ಟಿನ ಹತ್ತಿರ ತಲೆ ತರಬೇಡ, ಕೂದಲು ಬೀಳುತ್ತೆ" ಎಂದು ಪ್ರತಿ ಸಲವೂ ಇಳಿಸುತ್ತೇನೆ.

ಮೊನ್ನೆ ಮಂಗಳವಾರ ಮಾತ್ರ ನನ್ನ ತಾಳ್ಮೆ ಹೋಯಿತು. ಟೀಚರ ಮಾತು ಇನ್ನೂ ತಲೆಯಲ್ಲಿತ್ತು, ಇನ್ನೊಂದು ಸಲ ನಾದಿದ ಹಿಟ್ಟು ಈ ಬಾರಿ ನೀರಾಗಿ ಮೇಜಿಗೆ ಅಂಟಿತ್ತು, ಮದುವೆ ಮನೆಯವರ ಮೂರು ಬ್ಲೌಸು ಹಾಗೇ ಬಿದ್ದಿದ್ದವು. ಇವಳು ಬಂದು ತಲೆ ಓರೆ ಮಾಡಿದಳು. "ಎಷ್ಟು ಸಲ ಹೇಳ್ಬೇಕು ನಿಂಗೆ? ತಿನ್ನೋದಿಲ್ಲ, ಮಾಡೋಕೂ ಬಿಡಲ್ಲ. ಹಠಮಾರಿ" ಎಂದು ಕಿರುಚಿದೆ ಅಕ್ಕಾ. ಅವಳು ಅಳಲಿಲ್ಲ. ಇಳಿದು, ಸ್ಟೂಲನ್ನು ಎತ್ತಿ ಅದರ ಜಾಗದಲ್ಲಿ ಸದ್ದಾಗದ ಹಾಗೆ ಇಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಮೂರು ಬ್ಲೌಸಿನಲ್ಲಿ ಒಂದಕ್ಕೆ ತೋಳು ಹಿಂದುಮುಂದಾಗಿ ಹೊಲಿದೆ.

ಹಾಗಾಗಿ ಸೋತೆ ಎಂದು ಒಪ್ಪಿಕೊಳ್ಳುತ್ತಿದ್ದೇನೆ. ಒಂದು ತಿಂಗಳು ನಿನ್ನಿಂದ ಮುಚ್ಚಿಟ್ಟದ್ದು ತಪ್ಪು. ಭಾನುವಾರ ಬರುವುದೋ ಬೇಡವೋ ನೀನೇ ತೀರ್ಮಾನಿಸು, ನಾನು ಯಾವ ಬಾಯಲ್ಲಿ ಬೇಡ ಅನ್ನಲಿ? ಬರುವುದಿಲ್ಲ ಅಂದರೆ ದಯವಿಟ್ಟು ಹಿಟ್ಟು ಎಷ್ಟು ಗ್ರಾಂ, ನೀರು ಎಷ್ಟು ಚಮಚ, ನಾದುವುದು ಎಷ್ಟು ನಿಮಿಷ ಎಂದು ಮನುಷ್ಯರಿಗೆ ಅರ್ಥವಾಗುವ ಹಾಗೆ ಬರೆದು ಕಳಿಸು. ಬಸ್ ಡ್ರೈವರ್ ನಾಳೆ ಬೆಳಿಗ್ಗೆ ನಿಮ್ಮ ಕಡೆಗೆ ಬರುತ್ತಾನೆ, ಇವತ್ತು ಸಂಜೆ ಅವನು ಹೊಲಿಯಲು ಕೊಟ್ಟ ಪ್ಯಾಂಟಿನ ಜೊತೆ ಈ ಕಾಗದವನ್ನೂ ಅವನ ಕೈಗೆ ಕೊಡುತ್ತೇನೆ. ನಿನ್ನ ಬಿಳಿ ಕೋಟಿನ ಎರಡನೇ ಗುಂಡಿ ಸಡಿಲವಾಗಿತ್ತು, ಹೊಸದೊಂದನ್ನು ದಾರದ ಸಮೇತ ಲಕೋಟೆಯಲ್ಲಿ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ನೀನಾದರೂ.

ನಿನ್ನ ಕಾಲಿಗೆ ನಮಸ್ಕಾರ, ಅದರ ಊತಕ್ಕೂ.

ಇಂತಿ ನೀನು ಹಿಂಡಿದ ಕಿವಿಯ ಒಡೆಯ,
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಡ್ರೈವರ್ ಪ್ಯಾಂಟಿಗಾಗಿ ಕಾಯುತ್ತಾ ಕೂತಿದ್ದಾನೆ. ಈಗ ಸಂಜೆ ಆರೂವರೆ. ಉಳಿದ ಹಿಟ್ಟು ಹಾಳಾಗಬಾರದಲ್ಲ ಎಂದು ಕೊನೆಯ ಸಲ ನಾದುತ್ತಿದ್ದೆ. ನನ್ನ ಕಿವಿ ಹಿಂಡಿಕೊಂಡು ನಿನ್ನನ್ನೇ ಬೈದುಕೊಳ್ಳುತ್ತಿದ್ದೆ. ಪಿನ್ನಿ ಶಾಲೆಯ ಚೀಲ ಇಳಿಸುತ್ತಾ ಬಾಗಿಲಲ್ಲೇ ನಿಂತು, "ನಿನ್ ಕಿವಿ ಅಲ್ಲ ಮಾಮ. ಅಮ್ಮ ಮುಟ್ಟಿ ನೋಡೋದು ನಂದು" ಅಂದಳು. ಸ್ಟೂಲು ತಂದು ಹತ್ತಿ ತಲೆ ಓರೆ ಮಾಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಾನು ಎರಡು ದಿನ ಅವಳ ಕುತ್ತಿಗೆ ತಿಕ್ಕಿದೆನಲ್ಲ. ಹಿಟ್ಟಿನ ಬೆರಳಿನಿಂದ ಅವಳ ಕಿವಿ ಹಾಲೆ ಮುಟ್ಟಿದೆ, ಹಿಟ್ಟು ಮುಟ್ಟಿದೆ, ಮತ್ತೆ ಕಿವಿ ಮುಟ್ಟಿದೆ. ಕಣ್ಣು ಮುಚ್ಚಿಕೊಂಡು ನಿಂತಿದ್ದಳು. "ಇನ್ನೂ ಸ್ವಲ್ಪ ನೀರು" ಅಂದಳು. ಎಷ್ಟು ಸ್ವಲ್ಪ ಎಂದು ನಾನು ಕೇಳಲಿಲ್ಲ. ಎಳೆಗಳು ಒಂದೊಂದು ಒಂದೊಂದು ದಪ್ಪ ಬಂದವು, ನನ್ನ ಕಸುಬಿಗೇ ಅವಮಾನ. ಎರಡು ತಟ್ಟೆ ತಿಂದು, "ಅಮ್ಮ ಮಾಡಿದ ಹಾಗಿಲ್ಲ. ಪರವಾಗಿಲ್ಲ" ಅಂದಳು. ಇನ್ನೊಂದು ಮಾತು: ಚಿಕ್ಕಂದಿನಲ್ಲಿ ನೀನು ನನ್ನ ಕಿವಿ ಹಿಂಡುತ್ತಿದ್ದದ್ದು ಮಗ್ಗಿ ತಪ್ಪಿದ್ದಕ್ಕೋ, ಹಿಟ್ಟಿನ ಹದಕ್ಕೋ? ಮೂವತ್ತು ವರ್ಷದಿಂದ ಆ ಸಿಟ್ಟು ಇಟ್ಟುಕೊಂಡಿದ್ದೇನೆ, ನಿಜ ಹೇಳು. ಭಾನುವಾರ ಬರಬೇಡ ಅಕ್ಕಾ. ಆರು ತಿಂಗಳೂ ಮುಗಿಸಿಕೊಂಡೇ ಬಾ. ಕಿವಿಗೆ ಹತ್ತಿದ ಹಿಟ್ಟನ್ನು ಒರೆಸಲು ಬಿಡುತ್ತಿಲ್ಲ ನಿನ್ನ ಮಗಳು, ನಾಳೆ ಹಾಗೇ ಶಾಲೆಗೆ ಹೋಗುತ್ತಾಳಂತೆ.