ಬಣ್ಣದ ಮನೆಯ ಲಾಗಿನ್

ಆಗಸ್ಟ್ 5, ಮಂಗಳವಾರ. ಸಂಜೆ

ಲ್ಯಾಬ್ ಮುಗಿಸಿ ಬಂದೆ. ಬಾಗಿಲ ಹೊರಗೆ ನಿಂತು ಬೋರ್ಡನ್ನು ಮೂರು ಸಲ ಓದಿ ಆಮೇಲೆ ಒಳಗೆ ಕಾಲಿಟ್ಟದ್ದು. ಐದನೇ ಕ್ಲಾಸಿನಿಂದ ಹಾಸ್ಟೆಲ್ ನೀರು ಕುಡಿದವಳು. ಆದರೂ ಹೊಸ ಜಾಗ ಅಂದರೆ ಇಷ್ಟು ಪುಕ್ಕಲು. Useless.

ಸಸ್ಟೇನಬಲ್ ಸಪ್ಲೈ ಚೈನ್ (ಪರಿಸರ ಕೆಡದಂತೆ ಸರಕು ತಯಾರಿಸಿ ತಲುಪಿಸುವುದು) ಪೇಪರಿಗೆ ಪಾಠವಿಲ್ಲ, ಆಟ. ಕಂಪ್ಯೂಟರಿನಲ್ಲಿ ಪ್ರತಿ ಟೀಮಿಗೂ ಒಂದು ಶರ್ಟ್ ಕಂಪನಿ. ಹತ್ತಿ, ನೂಲು, ಬಣ್ಣ, ಹೊಲಿಗೆ, ಅಂಗಡಿ... ಎಲ್ಲವನ್ನೂ ನಾವೇ ನಡೆಸಬೇಕು. ವಾರಕ್ಕೊಂದು ರೌಂಡ್. ಲಾಭಕ್ಕೂ ಅಂಕ, ಪರಿಸರಕ್ಕೂ ಅಂಕ. ಕಲಿಸುವವರು ಹಸಿರು ಪೆನ್ ಬಿಟ್ಟು ಬೇರೆ ಮುಟ್ಟುವುದಿಲ್ಲ, ಹಾಗಾಗಿ ಅವರು ಗ್ರೀನ್ ಸರ್.

ನನ್ನ ಟೀಮಲ್ಲಿ ಸಿಇಒ (ಆ ಹುದ್ದೆ ಅವನೇ ಇಟ್ಟುಕೊಂಡದ್ದು), ಎಕ್ಸೆಲ್ (ನಗುವುದಕ್ಕೂ ಫಾರ್ಮುಲಾ ಬೇಕು ಅವಳಿಗೆ), ನಾನು. ಪರಿಚಯ ಹೇಳುವಾಗ ಬಾಯಿ ತಪ್ಪಿ ಅಪ್ಪನ ಕೆಲಸ ಹೇಳಿಬಿಟ್ಟೆ.

"ನಿಮ್ಮಪ್ಪ ಡೈಯಿಂಗ್ ಫ್ಯಾಕ್ಟ್ರಿಲಿ ಇದಾರಾ? ಮುಗೀತು. ಬಣ್ಣದ ಮನೆ ನಿಂದು," ಸಿಇಒ ಹೇಳಿದ.

"ಅಪ್ಪ ಬಾಯ್ಲರ್ ನೋಡ್ಕೊಳ್ತಾರೆ ಅಷ್ಟೇ. ನಂಗೇನ್ ಗೊತ್ತು?"

"ನಂಗೆ ಶರ್ಟ್ ಹಾಕ್ಕೊಳೋದೊಂದೇ ಗೊತ್ತು. ಸಿಇಒ ಆಗಿಲ್ವಾ?"

ಬಣ್ಣದ ಮನೆ ಅಂದರೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಅದರ ಪುಟಕ್ಕೆ ನನ್ನ ಲಾಗಿನ್. ಬೇರೆಯವರು ತೆರೆಯುವಂತಿಲ್ಲ. ಯಾವ ಉರುವಲು, ಎಷ್ಟು ನೀರು ಮರುಬಳಕೆ, ಬಾಯ್ಲರ್ ನಿಲ್ಲಿಸಿ ಕ್ಲೀನಿಂಗ್ ಮಾಡಿಸಬೇಕೋ ಬೇಡವೋ — ಟಿಕ್ ಹಾಕಿ ಸಬ್ಮಿಟ್ ಒತ್ತಬೇಕು. ಕೆಳಗೊಂದು ಬೂದು ಬಣ್ಣದ ಚೌಕ. ಸಪ್ಲೈಯರ್ ಹೇಳುವುದು ಅದರಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ. 'ಆರ್ಡರ್ ಆಕ್ಸೆಪ್ಟೆಡ್. ಥ್ಯಾಂಕ್ ಯೂ.' ಮಷೀನ್ ಬರೆಯುವುದು. ತಿರುಗಿ ಉತ್ತರ ಕೊಡಲು ಜಾಗವಿಲ್ಲ.

ಎಲ್ಲರೂ ಬ್ಯಾಗ್ ಏರಿಸುವಾಗ ಸರ್ ಇನ್ನೊಂದು ರೂಲ್ ಹೇಳಿದರು. ಬೆಲ್ ಆಗುವುದರೊಳಗೆ ಸಬ್ಮಿಟ್ ಒತ್ತದಿದ್ದರೆ ಹಿಂದಿನ ರೌಂಡಿನ ತೀರ್ಮಾನವೇ ಮತ್ತೆ ಜಾರಿ. "ನೀವು ಮಲ್ಕೊಂಡ್ರೆ ಕಂಪನಿ ಮಲ್ಕೊಳ್ಳಲ್ಲ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುತ್ತೆ."

ಹೆಚ್ಚಿನವರು ಕೇಳಿಸಿಕೊಳ್ಳಲಿಲ್ಲ. ಕುರ್ಚಿಗಳ ಸದ್ದು.

ಆಗಸ್ಟ್ 12

ಎರಡನೇ ರೌಂಡ್. ಕಲ್ಲಿದ್ದಲು ಬಿಟ್ಟು ಭತ್ತದ ಹೊಟ್ಟಿಗೆ ಹೋದೆವು. ಟಿಕ್ ಹಾಕಿದ್ದು ನಾನು. ಪರಿಸರದ ಅಂಕ ಧಡ್ ಅಂತ ಮೇಲೆ. ಸಿಇಒ ಬೆನ್ನು ತಟ್ಟಿದ, ಸ್ವಲ್ಪ ಜೋರಾಗಿಯೇ. ಹೊಟ್ಟಿನ ಬೂದಿ ಬೇಗ ಕಟ್ಟುತ್ತದೆ, ಕ್ಲೀನಿಂಗ್ ತಪ್ಪಿಸಬೇಡಿ ಎಂದು ಸೂಚನೆಯಲ್ಲಿತ್ತು. ಅದಕ್ಕೂ ಟಿಕ್ ಹಾಕಿದೆ.

ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಹೋದ ಮೊದಲ ಮಂಗಳವಾರ.

ಆಗಸ್ಟ್ 17, ಭಾನುವಾರ

ಅಪ್ಪನ ಫೋನ್. ಭಾನುವಾರ ಬಿಟ್ಟು ಬೇರೆ ದಿನ ಮಾಡುವುದಿಲ್ಲ. ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟಾಗಿನಿಂದ ಇದೇ ರೂಢಿ. ಊಟ ಆಯ್ತಾ, ಓದ್ತಿದೀಯಾ. ಕೊನೆಗೆ "ಇಡ್ಲಾ?" ನಾನು "ಇಡಪ್ಪ" ಅನ್ನುವ ತನಕ ಇಡುವುದಿಲ್ಲ. ಒಮ್ಮೆ ನಾನು ಅಳುತ್ತಾ ಹೇಳಲಿಲ್ಲ. ವಾರ್ಡನ್ ಬಂದು ಕಿತ್ತುಕೊಳ್ಳುವವರೆಗೂ ಆ ಕಡೆ ಸುಮ್ಮನೆ ಹಿಡಿದುಕೊಂಡೇ ಇದ್ದ.

ಇವತ್ತು ಹೊಸ ಸುದ್ದಿ. "ಕಲ್ಲಿದ್ದಲು ಬಂದ್ ಕಣೇ. ಈಗ ಹೊಟ್ಟು ಉರಿಸ್ತೀವಿ. ಮೈಯೆಲ್ಲಾ ತೌಡು. ಕೋಳಿಗಳು ಕಂಡ್ರೆ ಅಟ್ಟಿಸ್ಕೊಂಡ್ ಬರ್ತವೆ."

ನಕ್ಕೆ. ಆಮೇಲೆ ಕೇಳಿದೆ. "ಯಾವಾಗಿಂದಪ್ಪ?"

"ಬುಧವಾರದಿಂದ."

ನಾವು ಸಬ್ಮಿಟ್ ಒತ್ತಿದ್ದು ಮಂಗಳವಾರ.

ಆಗಸ್ಟ್ 18

ಗ್ರೀನ್ ಸರ್‌ಗೆ ಹೇಳಿದೆ, ತೊದಲುತ್ತಾ. ಅವರು ಖುಷಿಪಟ್ಟರು. ಆಟ ಕಟ್ಟಿರುವುದೇ ನಿಜವಾದ ಫ್ಯಾಕ್ಟರಿಗಳ ಡೇಟಾ ಮೇಲಂತೆ. ಈಗ ಎಲ್ಲ ಕಡೆ ಹೊಟ್ಟಿಗೆ ಬದಲಾಗುತ್ತಿದ್ದಾರಂತೆ. "ನೋಡಿದ್ಯಾ, ಎಷ್ಟು ರಿಯಲಿಸ್ಟಿಕ್!"

Makes sense. ನಾನೊಬ್ಬಳು ಹಗ್ಗ ಕಂಡರೆ ಹಾವು ಅನ್ನುವವಳು.

ಆಗಸ್ಟ್ 19

ಒಂದು ಕೆಲಸ ಮಾಡಿದೆ, ಟೀಮಿಗೆ ಹೇಳದೆ. ಕಾರ್ಮಿಕ ಕಲ್ಯಾಣ ಎಂಬ ಪಟ್ಟಿಯಿದೆ. ಅಂಕ ಬಹಳ ಕಡಿಮೆ, ಯಾರೂ ಅದನ್ನು ತೆರೆಯುವುದೇ ಇಲ್ಲ. ತಳದಲ್ಲಿತ್ತು: ಬಾಯ್ಲರ್ ಮನೆಗೆ ಫ್ಯಾನ್. ಟಿಕ್ ಹಾಕಿದೆ. ಸುಮ್ಮನೆ. ಟೆಸ್ಟ್ ಅಂದುಕೊಂಡೆ... ಅಪ್ಪನ ಬೆನ್ನ ತುಂಬ ಬೆವರುಸಾಲೆ ಇದ್ದದ್ದು ನೆನಪಿತ್ತು, ಅದೂ ಒಂದು ಕಾರಣ.

ಆಗಸ್ಟ್ 24, ಭಾನುವಾರ

"ಫ್ಯಾನ್ ಹಾಕ್ಸಿದಾರೆ ಕಣೇ. ಇಷ್ಟು ವರ್ಷ ಬಾಯಿ ಬಡ್ಕೊಂಡ್ರೂ ಕೇಳದೋರು! ಯಾವ ಪುಣ್ಯಾತ್ಮ ಹೇಳಿದ್ನೋ. ದೊಡ್ಡದು. ತಿರುಗೋಕೆ ಶುರು ಆದ್ರೆ ಟಕ್ ಟಕ್ ಅಂತದೆ, ಆದ್ರೂ ಗಾಳಿ ಏನ್ ಗಾಳಿ ಅಂತೀಯಾ!"

ಮಂಗಳವಾರದ ಪುಟ ತೆರೆದು ಆ ಟಿಕ್ ಬಗ್ಗೆ ಬರೆದದ್ದನ್ನು ಮತ್ತೆ ಓದಿದೆ.

"ಇಡ್ಲಾ?"

"...ಇಡಪ್ಪ."

ರೂಮಿನ ಫ್ಯಾನ್ ಆಫ್ ಮಾಡಿ ಕೂತಿದ್ದೇನೆ. ಅದರ ಸದ್ದು ಬೇಡ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕೌನ್ಸೆಲರ್ ಹತ್ತಿರ ಕಳಿಸುತ್ತಾರೆ. ಆದರೆ ಒಳಗೊಳಗೇ — ಬರೆದುಬಿಡುತ್ತೇನೆ — ಸ್ವಲ್ಪ ಸಂತೋಷವೂ ಇದೆ. ಇನ್ನೂ ಏನೇನು ಕೊಡಿಸಬಹುದು ಅಂತ ಯೋಚಿಸುತ್ತಿದ್ದೇನೆ. ಬೂಟು. ತಣ್ಣೀರಿನ ಯಂತ್ರ. ದಿನಾ ಹಗಲು ಶಿಫ್ಟ್.

ಆಗಸ್ಟ್ 26

ಸೋತೆ.

ಹಬ್ಬದ ಸೀಸನ್ ಆರ್ಡರ್ ಬಂತು, ದೊಡ್ಡದು. ಕ್ಲೀನಿಂಗಿಗೆ ಬಾಯ್ಲರ್ ನಿಲ್ಲಿಸಿದರೆ ಡೆಲಿವರಿ ತಡ. ನಾವು ಎರಡನೇ ಸ್ಥಾನ.

"ಈ ಸಲ ಕ್ಲೀನಿಂಗ್ ಬೇಡ," ಅಂದ ಸಿಇಒ.

"ಬೇಕು. ಬೂದಿ ಗಟ್ಟಿಯಾದ್ರೆ ಬಾಯ್ಲರ್ ಟ್ಯೂಬ್ ಒಡೆದು ಆವಿ ನುಗ್ಗುತ್ತೆ. ಅಲ್ಲಿ ಜನ ಇರ್ತಾರೆ."

"ಎಲ್ಲಿ?" ಅವನು ಬಗ್ಗಿ ಮಾನಿಟರಿನ ಹಿಂದೆ ನೋಡಿದ. "ಹಲೋ? ಯಾರಾದ್ರೂ ಇದೀರಾ?"

ಎಕ್ಸೆಲ್ ಬಿದ್ದು ಬಿದ್ದು ನಕ್ಕಳು. "ರಿಸ್ಕ್ ಸಣ್ಣದು ಕಣೇ. ಒಂದು ರೌಂಡ್ ತಾನೇ? ಗ್ರೇಡ್ ನಮ್ಮೆಲ್ಲರದ್ದೂ ಅಲ್ವಾ?"

ಇಬ್ಬರ ವಿರುದ್ಧ ಒಬ್ಬಳು. ಬೆಲ್ ಆಗುವ ಹೊತ್ತು. ಸಿಇಒ ನನ್ನ ಕೈ ಮೇಲೇ ಕೈಯಿಟ್ಟು ಮೌಸ್ ಸರಿಸಿದ. ಆದರೆ ಸಬ್ಮಿಟ್ ಒತ್ತಿದ ಬೆರಳು ನನ್ನದೇ. ಜಗಳ ಬೇಡ ಅಂತ. ಯಾವತ್ತೂ ಇಷ್ಟೇ ನಾನು. ಹಾಸ್ಟೆಲಿನಲ್ಲಿ ಯಾರು ಹೊದಿಕೆ ಎಳೆದರೂ ಕೊಟ್ಟುಬಿಡುತ್ತಿದ್ದೆ.

ಬೂದು ಚೌಕದಲ್ಲಿ ಬರಹ ಬಂತು. ಇಂಗ್ಲಿಷ್ ಅಲ್ಲ. ನಮ್ಮ ಭಾಷೆ.

'ಬೂದಿ ಕಟ್ಕೊಂಡದೆ. ನೋಡೋಣ ಬಿಡು.'

ಎಕ್ಸೆಲ್‌ಳ ತೋಳು ಹಿಡಿದೆಳೆದು ತೋರಿಸಿದೆ. ಅವಳು ಗಟ್ಟಿಯಾಗಿ ಓದಿದಳು. "ಆರ್ಡರ್ ಆಕ್ಸೆಪ್ಟೆಡ್. ಥ್ಯಾಂಕ್ ಯೂ. ಇದ್ರಲ್ಲೇನಿದೆ?"

ತಿರುಗಿ ನೋಡಿದೆ. ಅಷ್ಟೇ ಇತ್ತು.

ಆಗಸ್ಟ್ 31, ಭಾನುವಾರ

ಫೋನ್ ಎತ್ತಿದವಳೇ ಕೇಳಿದೆ. "ಬಾಯ್ಲರ್ ಕ್ಲೀನಿಂಗ್ ಆಯ್ತಾ?"

"ಇದೇನೇ, ಊಟ ಆಯ್ತಾ ಅಂತ ಕೇಳೋದು ಬಿಟ್ಟು! ಆಗಿಲ್ಲ. ಆರ್ಡರ್ ಜಾಸ್ತಿ ಅಂತ ಮುಂದಕ್ಕೆ ಹಾಕಿದಾರೆ. ಬೂದಿ ಕಟ್ಕೊಂಡದೆ. ನೋಡೋಣ ಬಿಡು."

ಅದೇ ಮಾತು. ಅಕ್ಷರಕ್ಕೆ ಅಕ್ಷರ.

"ಅಪ್ಪ, ಒಂದು ವಾರ ರಜೆ ಹಾಕು. ಪ್ಲೀಸ್."

"ರಜೆ ಹಾಕಿ ಏನ್ಮಾಡ್ಲಿ? ನಿನ್ನ ಕಾಲೇಜಿಗೆ ಸೇರ್ಲಾ? ಹಿಂದಿನ ಬೆಂಚ್ ಇದ್ರೆ ಹೇಳು." ಆಮೇಲೆ ದನಿ ತಗ್ಗಿಸಿದ. "ಹುಷಾರಿಲ್ವಾ ಮಗಳೇ? ಅಳ್ತಿದೀಯಾ?"

ಆಟದ ವಿಷಯ ಹೇಳಿದೆ. ಎಲ್ಲ. ಫ್ಯಾನ್ ಸಮೇತ.

"ನಿದ್ದೆ ಮಾಡ್ತಿದೀಯಾ ಸರಿಯಾಗಿ?" ಅಂದ. ನಂಬಲಿಲ್ಲ. ನನ್ನ ಬಗ್ಗೆ ಚಿಂತೆ ಹತ್ತಿತು, ಅಷ್ಟೇ. "ಹೆದರ್ಬೇಡ. ಇಂಥ ಬಾಯ್ಲರ್ ಎಷ್ಟು ನೋಡಿದೀನಿ. ಇಡ್ಲಾ?"

ಸೆಪ್ಟೆಂಬರ್ 2, ಮಂಗಳವಾರ. ಮಧ್ಯಾಹ್ನ

ಲ್ಯಾಬಿಗೆ ಹೋಗಲಿಲ್ಲ.

ನಾನು ಮುಟ್ಟಿದ್ದೆಲ್ಲ ಅಲ್ಲಿ ಆಗುತ್ತದೆ. ಸರಿ, ಮುಟ್ಟದಿದ್ದರೆ ಏನೂ ಆಗುವುದಿಲ್ಲ. ಹೋದರೆ ಸಿಇಒ ಮತ್ತೆ ಮೌಸ್ ಹಿಡಿಯುತ್ತಾನೆ, ನಾನು ಮತ್ತೆ ಒತ್ತುತ್ತೇನೆ. ನನ್ನ ಲಾಗಿನ್ ಇಲ್ಲದೆ ಬಣ್ಣದ ಮನೆಯ ಬಾಗಿಲೇ ತೆರೆಯುವುದಿಲ್ಲ. ಫೋನ್ ಆಫ್ ಮಾಡಿ, ಚಿಲಕ ಹಾಕಿ, ಮುಸುಕೆಳೆದೆ. ಜೀವಮಾನದಲ್ಲಿ ಮೊದಲ ಸಲ ಯಾರಿಗೋ ಇಲ್ಲ ಅಂದಂತಾಯಿತು. ಎದುರಿಗೆ ನಿಂತು ಅಲ್ಲ, ಆದರೂ.

ಎಂಥ ನಿದ್ದೆ ಬಂತು! ಎಷ್ಟೋ ದಿನದ್ದು.

ಅದೇ ದಿನ, ಸಂಜೆ

ಎಕ್ಸೆಲ್ ಬಾಗಿಲು ಬಡಿದಳು. ಕೈಯಲ್ಲಿ ಕೇಕ್ ತುಂಡು.

"ಫಸ್ಟ್ ಬಂದ್ವಿ ಕಣೇ! ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು. ಬಂದಿದ್ರೆ ಕ್ಲೀನಿಂಗ್ ಕ್ಲೀನಿಂಗ್ ಅಂತ ಪ್ರಾಣ ತಿಂತಿದ್ದೆ."

"ನನ್ನ ಪೇಜ್... ಯಾರು ಸಬ್ಮಿಟ್ ಮಾಡಿದ್ದು?"

"ಯಾರೂ ಇಲ್ಲ. ಸಿಸ್ಟಮೇ. ಹೋದ್ಸಲದ್ದೇ ರಿಪೀಟ್ ಆಯ್ತು. ಸರ್ ಮೊದಲ ದಿನಾನೇ ಹೇಳಿದ್ರಲ್ವಾ?"

ಹೇಳಿದ್ದರು. ನಾನೇ ಇಲ್ಲಿ ಬರೆದುಕೊಂಡಿದ್ದೇನೆ, ಈ ಪುಸ್ತಕದಲ್ಲಿ, ಮೊದಲ ದಿನವೇ. ಹಿಂದಕ್ಕೆ ತಿರುವಿ ನೋಡಿದೆ. ನಿನ್ನೆ ಮಾಡಿದ್ದನ್ನೇ ಇವತ್ತೂ.

ಮತ್ತೆ ಕ್ಲೀನಿಂಗ್ ಇಲ್ಲ. ಸೀಸನ್ ಆರ್ಡರ್ ಮತ್ತೆ ಪೂರ್ತಿ. ಅದೇ ಬೂದಿಯ ಮೇಲೆ ಇನ್ನಷ್ಟು ಬೂದಿ. ನಾನು ಹೊದ್ದು ಮಲಗಿದ್ದಾಗ.

ಅಪ್ಪನಿಗೆ ಫೋನ್ ಮಾಡಿದೆ, ನಾಳೆ ಕೆಲಸಕ್ಕೆ ಹೋಗಬೇಡ ಅನ್ನಲು. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಬೆಳಗಿನ ಶಿಫ್ಟ್ ಇದ್ದರೆ ಕತ್ತಲಾಗುತ್ತಲೇ ಮಲಗುತ್ತಾನೆ. ಮತ್ತೆ ಮಾಡಿದೆ. ಮತ್ತೆ.

ಸೆಪ್ಟೆಂಬರ್ 3, ಬುಧವಾರ. ಬೆಳಿಗ್ಗೆ, ಲ್ಯಾಬಿನಲ್ಲಿ

ಎದ್ದು ಫೋನ್ ಮಾಡುವಷ್ಟರಲ್ಲಿ ಅಪ್ಪ ಶಿಫ್ಟಿಗೆ ಹೋಗಿಯಾಗಿದೆ. ಅಲ್ಲಿ ಒಳಗೆ ಫೋನ್ ಒಯ್ಯುವಂತಿಲ್ಲ. ಗೇಟಿನ ಲಾಕರಿನಲ್ಲಿಟ್ಟು ಬೀಗ ಹಾಕಿ ಹೋಗಬೇಕು. ಶಿಫ್ಟ್ ಮುಗಿದ ಮೇಲೆ ಅವನೇ ತೆಗೆಯಬೇಕು.

ಗ್ರೀನ್ ಸರ್ ರೂಮಿಗೆ ಹೋದೆ. ರೌಂಡ್ ಮತ್ತೆ ತೆರೆಯಿರಿ ಅಂದೆ. ಅಂದೆನೋ ಕಿರುಚಿದೆನೋ. ಅವರು ನೀರಿನ ಲೋಟ ಮುಂದಿಟ್ಟರು.

"ಗ್ರೇಡ್ ಚೇಂಜ್ ಆಗಲ್ಲಮ್ಮ."

"ಗ್ರೇಡ್ ಬೇಡ ಸರ್. ನಮ್ಮನ್ನ ಲಾಸ್ಟ್ ಮಾಡಿ ಬೇಕಾದ್ರೆ. ಕ್ಲೀನಿಂಗ್‌ಗೆ ಒಂದೇ ಒಂದು ಟಿಕ್."

"ಇದು ಆಟ ಮಗು."

ಆದರೂ ತೆರೆದುಕೊಟ್ಟರು. ನನ್ನ ಮುಖ ನೋಡಿಯೇ ಇರಬೇಕು.

ಲ್ಯಾಬಿನಲ್ಲಿ ಯಾರೂ ಇಲ್ಲ. ಕಿಟಕಿಯಲ್ಲಿ ಬಿಸಿಲು. ಲಾಗಿನ್ ಆದೆ. ಬಾಯ್ಲರ್ ನಿಲ್ಲಿಸಿ: ಹೌದು. ಕ್ಲೀನಿಂಗ್: ಹೌದು. ಸಬ್ಮಿಟ್ ಒತ್ತಿದೆ. ಯಾರೂ ಮೌಸ್ ಹಿಡಿಯಲಿಲ್ಲ.

ಸ್ಕ್ರೀನಿನಲ್ಲಿ ಲೋಡಿಂಗ್ ಚಕ್ರ ಸುತ್ತುತ್ತಿದೆ. ಸುತ್ತುತ್ತಲೇ ಇದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲೋ ಟಕ್ ಟಕ್ ಅಂತ ಸದ್ದು. ತಲೆಯೆತ್ತಿ ನೋಡಿದೆ. ಎಸಿ ಲ್ಯಾಬ್. ಫ್ಯಾನೇ ಇಲ್ಲ.

ಚಕ್ರ ನಿಂತಿತು. ಬೂದು ಚೌಕದಲ್ಲಿ ಬರುತ್ತಿದೆ, ಒಂದೊಂದೇ ಅಕ್ಷರ.

'ಈಗ ಸೆಕೆ ಇಲ್ಲ ಮಗಳೇ. ಫ್ಯಾನ್ ತಿರುಗ್ತಾ ಇದೆ.'

ಅದರ ಕೆಳಗೆ, ಸ್ವಲ್ಪ ತಡೆದು —

'ಇಡ್ಲಾ?'

ಹೇಳುವುದಿಲ್ಲ. ಹೇಳುವುದಿಲ್ಲ ಅಪ್ಪ. ಉತ್ತರ ಕೊಡಲು ಜಾಗವೇ ಇಲ್ಲವಲ್ಲ ಇದರಲ್ಲಿ, ಒಳ್ಳೆಯದೇ ಆಯಿತು. ನಾನು ಹೇಳುವ ತನಕ ನೀನು ಇಡುವುದಿಲ್ಲ. ಯಾವತ್ತೂ ಇಟ್ಟಿಲ್ಲ.

ಮೇಜಿನ ಮೇಲೆ ಫೋನ್ ಗುರ್ ಅನ್ನುತ್ತಿದೆ. 'ಅಪ್ಪ' ಅಂತ ಬಂದಿದೆ. ಇವತ್ತು ಬುಧವಾರ. ಶಿಫ್ಟ್ ಮುಗಿಯಲು ಇನ್ನೂ ಬಹಳ ಹೊತ್ತಿದೆ. ಫೋನು ಲಾಕರಿನಲ್ಲಿರಬೇಕಲ್ಲ, ಬೀಗದೊಳಗೆ. ಬೀಗ ಒಡೆದು ತೆಗೆದವರು ಯಾರು? ಅದು ಈಗ ಯಾರ ಕೈಯಲ್ಲಿ —