ಸವೆದ ಗೇಜು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ನಿನ್ನ ಎರಡು ಕಾಗದಗಳೂ ಮೇಜಿನ ಮೇಲಿವೆ. ಉತ್ತರ ಬರೆಯಲು ಪುರಸೊತ್ತಿರಲಿಲ್ಲ ಎಂದರೆ ಸುಳ್ಳು, ಧೈರ್ಯವಿರಲಿಲ್ಲ. ಪೂರ್ತಿ ಓದು, ಆಮೇಲೆ ಬೈಯುವಿಯಂತೆ. ಭಾವನ ಮಂಡಿನೋವು ಹೇಗಿದೆ? ನಮ್ಮವಳಿಗೆ ಹೊಸ ಕನ್ನಡಕ ಬಂದಿದೆ. ಇಪ್ಪತ್ತೆಂಟು ವರ್ಷದ ಮೇಲೆ ನನ್ನ ಮುಖ ಸರಿಯಾಗಿ ಕಂಡಿತಂತೆ, ಅಂದಿನಿಂದ ಮಾತು ಕಮ್ಮಿ ಮಾಡಿದ್ದಾಳೆ.

"ಮಗ ಸತ್ತಿದ್ದನ್ನು ಹೇಗೋ ನುಂಗಿಕೊಂಡೆ, ಹೆದರಿ ಸತ್ತ ಅನ್ನೋ ಮಾತು ಗಂಟಲಲ್ಲಿ ಇಳೀತಿಲ್ಲ" ಎಂದು ಬರೆದಿದ್ದೀಯ. ನಲ್ಲಿ ಹತ್ತಿರ ಹೆಂಗಸರು ಪಿಸುಗುಟ್ಟಿದ ಮೇಲೆ ನೀನು ಹೊರಗೆ ಹೋಗುವುದನ್ನೇ ಬಿಟ್ಟೆಯಂತೆ. ಸೇತುವೆ ಕಾವಲಿನಲ್ಲಿದ್ದ ನಮ್ಮ ಪುಟ್ಟು, ದಾಳಿಯಾದಾಗ ಒಂದು ಗುಂಡನ್ನೂ ಹಾರಿಸಲಿಲ್ಲ ಎಂದು ಅವನ ಮೇಲಿನವರು ಬರೆದದ್ದು ನಿಜ. ಆದರೆ ಅಕ್ಕ, ಅವನು ಹೆದರಲಿಲ್ಲ. ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ಕೈಯಲ್ಲಿ ಹಿಡಿದು ನೋಡಿ ಹೇಳುತ್ತಿದ್ದೇನೆ.

ಅವನ ರೈಫಲ್ ಹೋದ ವಾರ ತಪಾಸಣೆಗೆ, ಬಂದೂಕು ರಿಪೇರಿಯ ನಮ್ಮ ಕಾರ್ಯಾಗಾರಕ್ಕೇ ಬಂತು. ಜೊತೆಗೆ ಲಕೋಟೆಯಲ್ಲಿ ಸಿಡಿಯದ ಮೂರು ತೋಟಾ. ಮೂರರ ಹಿಂಭಾಗದಲ್ಲೂ ಉಗುರಿನಿಂದ ಒತ್ತಿದಷ್ಟು ಸಣ್ಣ ಗುಳಿ. ಅಂದರೆ ಅವನು ಟ್ರಿಗರ್ ಎಳೆದಿದ್ದಾನೆ, ಸಿಡಿದಿಲ್ಲ. ತೋಟಾ ಬದಲಿಸಿ ಮತ್ತೆ ಎಳೆದಿದ್ದಾನೆ. ಮೂರನೇ ಸಲವೂ ಎಳೆದಿದ್ದಾನೆ. ಹೆದರಿದವನು ನಿಂತಲ್ಲೇ ನಿಂತು ಮೂರು ಸಲ ಎಳೆಯುತ್ತಾನೆಯೇ, ನೀನೇ ಹೇಳು.

ತೋಟಾಕ್ಕೆ ಹೊಡೆಯುವ ಪಿನ್ನು ಸವೆದು ಮೋಟಾಗಿತ್ತು. ಅದನ್ನು ಕಂಡುಹಿಡಿಯುವುದೇ ನನ್ನ ಕೆಲಸ. ತೋಟಾವನ್ನು ಹಿಂದಿನಿಂದ ಒತ್ತಿ ಹಿಡಿಯುವ ಬೋಲ್ಟಿನ ಮುಖದ ಮೇಲೆ, ಪಿನ್ನು ಎಷ್ಟು ಹೊರಚಾಚಿದೆ ಎಂದು ಅಳೆಯುವ ಎರಡು ಕಾಲಿನ ಗೇಜನ್ನಿಟ್ಟು ಸರಿಸುತ್ತೇವೆ. ಪಿನ್ನಿನ ತುದಿ ಕಾಲುಗಳ ನಡುವಿನ ಪಟ್ಟಿಗೆ ತಗುಲಿದರೆ ಪಾಸು, ತಗುಲದಿದ್ದರೆ ಪಿನ್ನು ಬದಲಿಸಬೇಕು. ತಿಂಗಳಿಗೊಮ್ಮೆ ಗೇಜನ್ನೂ ಅಳತೆ ಕೋಣೆಗೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ನಾನು ಕೊಡುತ್ತಿದ್ದೆ, ಆದರೆ ಕಪಾಟಿನಲ್ಲಿ ಸುಮ್ಮನೆ ಇಟ್ಟಿದ್ದ ಹೊಸ ಗೇಜನ್ನು. ಕೆಲಸಕ್ಕೆ ಬಳಸುತ್ತಿದ್ದದ್ದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟ ಹಳೆಯದನ್ನು. ಕೊಟ್ಟರೆ ಅದನ್ನು ಕಿತ್ತುಕೊಂಡು ಗುಜರಿಗೆ ಹಾಕುತ್ತಾರೆ ಎಂಬ ಭಯ. ನನ್ನ ಕೈಯಲ್ಲಿ ಪಳಗಿದ ಗೇಜು ಸುಳ್ಳು ಹೇಳುವುದಿಲ್ಲ ಎಂಬ ಜಂಬ ಬೇರೆ.

ಆ ರೈಫಲ್ಲಿಗೆ ಹಳೆಯ ಗೇಜಿಟ್ಟೆ, ಪಿನ್ನು ತಗುಲಿತು. ಹೊಸದಿಟ್ಟೆ, ತಗುಲಲಿಲ್ಲ. ಹಳೆಯದರ ಕಾಲುಗಳು ಉಜ್ಜಿ ಉಜ್ಜಿ ಕೂದಲೆಳೆಯಷ್ಟು ಸವೆದು ಗೇಜೇ ತಗ್ಗಿ ಕೂತಿತ್ತು. ಅಳತೆ ಕೋಣೆಯ ಹುಡುಗಿ ಅದನ್ನು ಅಳೆದು ನೋಡಿ, "ಸಾರ್, ಇದರಲ್ಲಿ ಎಷ್ಟು ರೈಫಲ್ ಪಾಸ್ ಮಾಡಿದೀರಿ?" ಎಂದಳು.

"ನಿವೃತ್ತಿಗೆ ಇನ್ನು ಮೂರೇ ತಿಂಗಳು, ಬಾಯಿ ಮುಚ್ಕೊಂಡಿರಿ. ಹೋದ ಹುಡುಗ ವಾಪಸ್ ಬರ್ತಾನಾ?" ಎಂದು ನಮ್ಮವಳು ಅತ್ತಳು. ಬರುವುದಿಲ್ಲ. ಆದರೆ ಅವನ ಹೆಸರನ್ನಾದರೂ ವಾಪಸ್ ಕೊಡಬಹುದಲ್ಲ. ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಸಾಹೇಬರಿಗೆ ಕೊಟ್ಟೆ. ಆ ಗೇಜಿನಿಂದ ಪಾಸಾದ ರೈಫಲ್ಲುಗಳನ್ನೆಲ್ಲ ತಕ್ಷಣ ಹಿಂದಕ್ಕೆ ತರಿಸಿ ಎಂದೂ ಬರೆದೆ. ಅವರು ಬಾಗಿಲು ಮುಂದೆ ಮಾಡಿ, "ಇದನ್ನ ವಾಪಸ್ ತಗೊಳ್ಳೋದಾದ್ರೆ ಈಗಲೇ ತಗೊಳ್ಳಿ" ಎಂದರು. ತೆಗೆದುಕೊಳ್ಳಲಿಲ್ಲ. ಅದರ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಲ್ಲಿ ಹತ್ತಿರ ನಿಂತು ಗಟ್ಟಿಯಾಗಿ ಓದು.

ನೀನು ದೊಡ್ಡವಳು, ನಿನ್ನನ್ನು ಹರಸುವಷ್ಟು ದೊಡ್ಡವನಲ್ಲ ನಾನು. ನಿನ್ನ ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಅಣ್ಣನ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಬೇಡ ಎನ್ನು.

ನಿನ್ನ
ತಮ್ಮ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಪುಟ್ಟುವಿನ ಠಾಣೆಗೆ ಹೊಚ್ಚ ಹೊಸ ರೈಫಲ್ಲುಗಳು ಬಂದಿದ್ದವು, ಅವನಿಗೂ ಒಂದು ಸಿಕ್ಕಿತ್ತು. ಮೇಲಿನವರನ್ನು ಕಾಡಿ ಬೇಡಿ ಅದನ್ನು ಹಿಂದಿರುಗಿಸಿ ನನ್ನ ಹತ್ತಿರ ಬಂದ. "ಮಾವ, ಅದನ್ನ ಯಾರು ನೋಡಿದಾರೋ ಏನೋ. ನನಗೆ ನೀವು ನೋಡಿರೋದೇ ಕೊಡಿ" ಎಂದ. ಹಿಗ್ಗಿಹೋದೆ ಅಕ್ಕ. ಇಡೀ ಸಾಲು ತಡಕಾಡಿ, ಇದೇ ಚೆನ್ನಾಗಿದೆ ಎಂದು ನಾನೇ ಆರಿಸಿ ಅವನ ಕೈಗೆ ಕೊಟ್ಟೆ.