ಗುಮ್ಮಟದ ಹಿತ್ತಾಳೆ

ಯಲವಿಗಿ
ಗುರುವಾರ, 12-12-2024

ಸಿಟ್ಟಿನ ಗಡಿಗೆಯಾದ ನನ್ನ ಮುದ್ದು ಮಗಳು ರಾಜಶ್ರೀಗೆ ಅವ್ವನ ಆಶೀರ್ವಾದಗಳು.

ನಾವಿಲ್ಲಿ ಆರಾಮ. ನೀನು ಹಾನಗಲ್ಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬುದೇ ಚಿಂತೆ. ಸಿಟ್ಟು ಬಂದರೆ ಊಟ ಬಿಡುವುದು ನಿಮ್ಮಪ್ಪನ ಕಡೆಯಿಂದ ಬಂದ ಗುಣ. ಫೋನಿನಲ್ಲಿ ಹೇಳಹೋದರೆ ನಡುವೆಯೇ ಕಟ್ ಮಾಡುತ್ತೀ. ಅದಕ್ಕೇ ಅಲ್ಲಿಗೆ ಹೊರಟಿರುವ ಪಕ್ಕದ ಮನೆಯ ಹುಸೇನಬಿಯ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಪೂರ್ತಿ ಓದು.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನೀನು ಆರು ತಿಂಗಳು ಕುಳಿತು ಮಾಡಿದ ಪುಟ್ಟ ಉಗಿಬಂಡಿ ಇಂಜಿನ್ನಿಗೆ ಪೆಟ್ಟಾಗಿದೆ. ಹುಸೇನಬಿಯ ಬೆಕ್ಕು ಕಪಾಟಿನ ಮೇಲೆ ಹಾರಿ ಕೆಡವಿತು. ಪಾಪ, ಆಕೆಯ ಮುಂದೆ ಬೆಕ್ಕಿನ ಮಾತು ಎತ್ತಬೇಡ. ಇಂಜಿನ್ನಿನ ನೆತ್ತಿಯ ಮೇಲಿನ ಗುಮ್ಮಟದ ಹಿತ್ತಾಳೆ ಬಣ್ಣ ಒಂದು ಕಡೆ ಕಿತ್ತು ಬಿಳಿ ಪ್ಲಾಸ್ಟಿಕ್ ಕಾಣುತ್ತಿದೆ. ಸೋಮವಾರ ಅದು ಮೈಸೂರಿನ ಆ ರೈಲು ಮಾದರಿ ಮಾಡುವ ಕಂಪನಿಯವರ ಕೈ ಸೇರದಿದ್ದರೆ ನಿನಗೆ ಸಿಗಬೇಕಾದ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ನೀನೇ ಹೇಳಿದ್ದೆ. ಶನಿವಾರದೊಳಗೆ ಬಂದು ಸರಿಮಾಡು.

‘ಪ್ಲಾಸ್ಟಿಕ್ಕಿಗೆ ಬಣ್ಣ ಬಳದ್ರ ಕಬ್ಬಣ ಆಗತೈತೇನ? ಇದೂ ಒಂದ ಕೆಲಸ ಅಂತ ಮೈಸೂರಿಗೆ ಹೊಂಟಿ!’ ಎಂದು ನಾನು ಅಂದದ್ದಕ್ಕೇ ಅಲ್ಲವೇ ನೀನು ಚೀಲ ಎತ್ತಿಕೊಂಡು ಬಸ್ಸು ಹತ್ತಿದ್ದು? ಅಂದದ್ದು ನಿಜ. ನನ್ನ ಬಾಯಿಗೆ ಬೀಗವಿಲ್ಲ. ನೀನು ಹೋದ ಮೇಲೆ ನಿಮ್ಮಪ್ಪ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಇಂಜಿನ್ನಿನ ಮುಂದೆ ಕುಳಿತರು. ರೈಲ್ವೆ ಹಳಿ ಕಾಯ್ದು ನಿವೃತ್ತರಾದ ಮನುಷ್ಯ, ಸುಮ್ಮನೆ ಹೊಗಳುವವರಲ್ಲ. ‘ನೋಡಿಲ್ಲೆ, ಡ್ರೈವರ್ ಕೈ ಇಡೋ ಹಿಡಿಕಿ ಅಷ್ಟ ಥಳಥಳ ಅಂತೈತಿ, ಉಳಿದದ್ದೆಲ್ಲ ಮಾಸೈತಿ. ಹುಡುಗಿ ಕಣ್ಣಿಟ್ಟ ನೋಡ್ಯಾಳ’ ಎಂದರು. ನಾನು ಮುಖ ತಿರುವಿದೆ. ಅವರು ಸ್ಟೇಷನ್ ಕಡೆ ಚಹಾಕ್ಕೆ ಹೋದ ಮೇಲೆ ನಾನೂ ನೋಡಿದೆ.

ಕಿತ್ತ ಜಾಗದಲ್ಲಿ ಬಿಳಿಯ ಮೇಲೆ ಕರಿ, ಕರಿಯ ಮೇಲೆ ಹಿತ್ತಾಳೆ ಬಣ್ಣ, ಸಂದುಗಳಲ್ಲಿ ತೆಳ್ಳಗೆ ಕಂದು. ಹೊಳಪು ಬರಬೇಕಾದರೆ ಅಡಿಯಲ್ಲಿ ಕರಿ ಇರಬೇಕೆಂದು ನನಗೆಲ್ಲಿ ಗೊತ್ತಿತ್ತು ತಾಯೀ! ನಿನ್ನ ಬಣ್ಣದ ಬಾಟಲಿಗಳ ಮುಚ್ಚಳ ಬಿಗಿದು ಇಟ್ಟಿದ್ದೇನೆ, ಒಣಗಿಲ್ಲ. ಬಾ, ಎಣ್ಣೆಗಾಯಿ ಮಾಡಿರುತ್ತೇನೆ.

ಬಸ್ಸಿನ ಹಾದಿ ನೋಡುತ್ತಿರುವ
ನಿನ್ನ ಅವ್ವ,
ಮಂಜವ್ವ

ತಾ.ಕ.: ಬೆಕ್ಕನ್ನು ಬೈಯಬೇಡ, ಅದು ಮನೆಯೊಳಗೆ ಬಂದೇ ಇಲ್ಲ. ನೀನು ಬಣ್ಣ ಬಳಿದದ್ದು ಉಳಿದ ಭಾಗಕ್ಕೆ ಮಾತ್ರ, ಗುಮ್ಮಟ ಮಾತ್ರ ಅಂಗಡಿಯಿಂದ ತಂದ ನಿಜವಾದ ಹಿತ್ತಾಳೆ ಎಂದುಕೊಂಡೆ. ಮಾಸಿದ ಹಿತ್ತಾಳೆಯನ್ನು ಹಾಗೇ ಮೈಸೂರಿಗೆ ಕಳಿಸಿದರೆ ನನ್ನ ಮಗಳ ಮರ್ಯಾದೆ ಏನಾದೀತು ಎಂದು ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದೆ. ಬಿಳಿ ಕಂಡಾಗ ಬಚ್ಚಲಲ್ಲೇ ಕುಳಿತು ಅತ್ತೆ. ಮೂವತ್ತು ವರ್ಷ ಹಿತ್ತಾಳೆ ಕೊಡ ಬೆಳಗಿದ ಕೈ ಕಣೇ ಇದು, ಇದಕ್ಕೇ ಮೋಸ ಮಾಡಿದೆಯಲ್ಲ! ಮೈಸೂರಿಗೆ ಹೋಗು. ಇದೂ ಒಂದು ಕೆಲಸವೇ ಎಂದು ಯಾರಾದರೂ ಕೇಳಿದರೆ, ನಮ್ಮವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದಳು ಎಂದು ಹೇಳು.